ಹುಟ್ಟು ಹಾಕುವಾಗ ಕೈ ನೋವು: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಕಯಾಕ್ ದಡಕ್ಕೆ ತಂದ ಮೇಲೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿಲ್ಲ. ರಾತ್ರಿ ಮಲಗಿದಾಗ ಬೆರಳು ಜೋಮು ಹಿಡಿಯುತ್ತದೆ. ಮರುದಿನ ಸ್ಕೂಟರ್ ಬ್ರೇಕ್ ಹಿಡಿದರೆ ಹೆಬ್ಬೆರಳಿನ ಬುಡದಲ್ಲಿ ಚಳಕ್ ಎನ್ನುತ್ತದೆ. ಮೂರನ್ನೂ ನಾವು ‘ಕೈ ನೋವು’ ಎಂದೇ ಹೇಳುತ್ತೇವೆ. ಆದರೆ ಮೂರೂ ಬೇರೆ ಬೇರೆ ದೋಷ, ಮದ್ದೂ ಬೇರೆ.

ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರು, ಮುಲ್ಕಿಯ ಶಾಂಭವಿ, ಹೊನ್ನಾವರದ ಶರಾವತಿ ಅಳಿವೆ, ದಾಂಡೇಲಿಯ ಕಾಳಿ, ಇಂಥ ಕಡೆ ಎರಡು ಬ್ಲೇಡಿನ ಪ್ಯಾಡಲ್ (ಎರಡೂ ತುದಿಗೆ ಅಗಲವಾದ ಹಲಗೆಯಿರುವ ಹುಟ್ಟು) ಹಿಡಿದು ಕಯಾಕ್ ನಡೆಸುವವರಿಗಾಗಿ ಇದನ್ನು ಬರೆದಿದ್ದೇನೆ. ಬಾಡಿಗೆ ದೋಣಿಯವರಿಗೂ ಸ್ವಂತ ದೋಣಿ ಇದ್ದವರಿಗೂ ಅನ್ವಯಿಸುತ್ತದೆ. ನಿಂತು ಹುಟ್ಟು ಹಾಕುವ ಎಸ್‌ಯುಪಿ ಬಗ್ಗೆ ಕೊನೆಯ ಕಡೆ ನಾಲ್ಕು ಮಾತಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಕೈ ನೋಯುತ್ತದೆ ಎಂದು ಕೈಗೇ ಮದ್ದು ಮಾಡಲು ಹೊರಡುವುದು ತಪ್ಪು ದಾರಿ. ರಬ್ಬರ್ ಚೆಂಡು ಹಿಸುಕಿ ಹಿಡಿತ ಬಲಪಡಿಸಿಕೊಳ್ಳಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಹುಟ್ಟು ಹಾಕಲು ಅಷ್ಟು ಹಿಡಿತ ಬೇಕಾಗಿಯೇ ಇಲ್ಲ. ಕೈ ಬಿಗಿಯಾಗುವುದಕ್ಕೆ ಬೇರೆಲ್ಲೋ ಒಂದು ಕಾರಣ ಇರುತ್ತದೆ. ಅದು ಪ್ಯಾಡಲ್‌ನಲ್ಲಿರಬಹುದು, ಸೀಟಿನಲ್ಲಿರಬಹುದು, ಕಾಲಲ್ಲಿರಬಹುದು, ದೋಣಿಯ ಹೊಟ್ಟೆಯೊಳಗೆ ಸೇರಿದ ನೀರಿನಲ್ಲೂ ಇರಬಹುದು. ಅದನ್ನು ಹುಡುಕಬೇಕು.

ಮೊದಲು ಮೂರು ಪ್ರಶ್ನೆ

ಎಲ್ಲಿ ನೋವು? ಯಾವ ಕೈ? ಯಾವಾಗ ಶುರುವಾಗುತ್ತದೆ?

‘ಎಲ್ಲಿ’ ಎಂದರೆ ಒಂದೇ ಬೆರಳಿನಿಂದ ಮುಟ್ಟಿ ತೋರಿಸುವಷ್ಟು ನಿಖರವಾಗಿ. ಯಾವ ಕೈ ಎಂಬುದಕ್ಕೆ ಸಿಗುವ ಉತ್ತರದಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಎರಡೂ ಕೈ ಸಮನಾಗಿ ನೋಯುತ್ತಿದ್ದರೆ ಪ್ಯಾಡಲ್ ಹಿಡಿಯುವ ರೀತಿ, ಅದರ ತೂಕ, ದಪ್ಪ, ಕುಳಿತ ಭಂಗಿ ನೋಡಬೇಕು. ಒಂದೇ ಕೈ ಆದರೆ ಬ್ಲೇಡುಗಳ ನಡುವಿನ ಕೋನ, ಇಲ್ಲವೇ ದೋಣಿ ಒಂದೇ ಕಡೆ ತಿರುಗುವುದು, ಇಲ್ಲವೇ ಗಾಳಿ. ಇನ್ನು ಹತ್ತು ನಿಮಿಷದಲ್ಲೇ ಶುರುವಾಗುವ ನೋವು ಹಿಡಿತದ್ದು, ಒಂದು ಗಂಟೆ ಕಳೆದ ಮೇಲೆ ಬರುವುದು ದಣಿವಿನದ್ದು, ಮನೆಗೆ ಹೋಗಿ ರಾತ್ರಿ ಬರುವ ಜೋಮು ನರದ್ದು. ಇದು ಕಲ್ಲಿನ ಮೇಲೆ ಕೊರೆದ ನಿಯಮವಲ್ಲ, ಆದರೆ ಹುಡುಕಾಟ ಶುರುಮಾಡಲು ಸಾಕು.

ನೋವಿನ ಜಾಗ ಏನು ಹೇಳುತ್ತದೆ

ಮುಂಗೈಯ ಒಳಭಾಗ, ಅಂದರೆ ಅಂಗೈ ಕಡೆಯ ಮಾಂಸಖಂಡ, ಕಲ್ಲಿನಂತೆ ಗಟ್ಟಿಯಾಗಿ ಉರಿಯುತ್ತಿದ್ದರೆ ಅದು ಬರೀ ಬಿಗಿ ಹಿಡಿತ. ಬೆರಳು ಮಡಚುವ ಸ್ನಾಯುಗಳೆಲ್ಲ ಇರುವುದು ಅಲ್ಲಿಯೇ. ಇದು ತೀರಾ ಸಾಮಾನ್ಯ, ಸುಲಭದಲ್ಲಿ ಸರಿಹೋಗುವಂಥದ್ದು.

ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ನೋವಿದ್ದರೆ ಒಂದು ಪರೀಕ್ಷೆ ಮಾಡಿ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಮೆಲ್ಲಗೆ ಕಿರುಬೆರಳಿನ ಕಡೆಗೆ ಮಣಿಕಟ್ಟನ್ನು ಬಾಗಿಸಿ. ಹೆಬ್ಬೆರಳಿನ ಬುಡದಲ್ಲಿ ಚುಚ್ಚಿದಂತಾದರೆ ಡಿ ಕ್ವೆರ್ವೇನ್ ತೊಂದರೆಯ ಅನುಮಾನ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯರ ಹೆಸರೇ ಇದಕ್ಕೆ ಉಳಿದಿದೆ. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಇಕ್ಕಟ್ಟಾದ ಒಂದು ಕೊಳವೆಯಲ್ಲಿ ಹಾದುಹೋಗುತ್ತವೆ, ಆ ಕೊಳವೆ ದಪ್ಪವಾದಾಗ ಉಜ್ಜುತ್ತವೆ. ಶಾಫ್ಟಿನ, ಅಂದರೆ ಪ್ಯಾಡಲ್ಲಿನ ಕೋಲಿನ, ಮೇಲೆ ಹೆಬ್ಬೆರಳನ್ನು ಒತ್ತಿಹಿಡಿಯುವವರಿಗೆ ಬರುತ್ತದೆ. ದಿನವಿಡೀ ಫೋನಿನಲ್ಲಿ ಹೆಬ್ಬೆರಳಾಡಿಸುವವರು ಅರ್ಧ ನೋವನ್ನು ಮನೆಯಿಂದಲೇ ತಂದಿರುತ್ತಾರೆ.

ಅದಕ್ಕಿಂತ ಮೇಲೆ, ಮಣಿಕಟ್ಟಿನಿಂದ ಸುಮಾರು ನಾಲ್ಕೈದು ಸೆಂಟಿಮೀಟರ್ ಮೊಣಕೈ ಕಡೆಗೆ, ಮುಂಗೈಯ ಹಿಂಬದಿಯಲ್ಲಿ ಊದಿಕೊಂಡು, ಮಣಿಕಟ್ಟು ಆಡಿಸಿದಾಗ ಹೊಸ ಚಪ್ಪಲಿಯಂತೆ ಕಿರ್ರೆನ್ನುವುದು ಕೈಗೆ ಗೊತ್ತಾದರೆ ಅದು ಬೇರೆಯೇ ದೋಷ. ಅಲ್ಲಿ ಹೆಬ್ಬೆರಳಿನ ಸ್ನಾಯುಗಳು ಮಣಿಕಟ್ಟು ಎತ್ತುವ ಸ್ನಾಯುಗಳ ಮೇಲೆ ಅಡ್ಡ ಹಾಯುತ್ತವೆ. ಪ್ರತಿ ಹುಟ್ಟಿಗೂ ಮಣಿಕಟ್ಟು ಹಿಂದಕ್ಕೆ ಬಾಗುತ್ತಿದೆ ಎಂಬುದಕ್ಕೆ ಇದು ಸಾಕ್ಷಿ. ಮುಂದೆ ಬರುವ ಫೆದರ್ ಭಾಗವನ್ನು ತಪ್ಪದೆ ಓದಿ.

ಜೋಮಿಗೆ ಬೆರಳುಗಳ ಲೆಕ್ಕ ಮುಖ್ಯ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ ಭಾಗ ಎಂದರೆ ಮಣಿಕಟ್ಟಿನ ನಡುವೆ ಹಾಯುವ ಮೀಡಿಯನ್ ನರ ಒತ್ತಿಹೋಗಿದೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಉಳಿದರ್ಧವಾದರೆ ಅಲ್ನಾರ್ ನರ. ಅದು ಅಂಗೈಯ ಕಿರುಬೆರಳ ಬದಿಯ ಬುಡದಲ್ಲೂ ಒತ್ತಬಹುದು, ಮೊಣಕೈ ಹಿಂದೆಯೂ ಒತ್ತಬಹುದು. ಐದೂ ಬೆರಳು ಜೋಮು ಹಿಡಿದು, ಕತ್ತು ತಿರುಗಿಸಿದಾಗ ಹೆಚ್ಚಾದರೆ ಕೈಯನ್ನು ಬಿಟ್ಟು ಕತ್ತಿನ ಕಡೆ ನೋಡಬೇಕಾಗುತ್ತದೆ.

ಮೊಣಕೈಯ ಹೊರಬದಿಯ ನೋವಿಗೆ ಟೆನಿಸ್ ಎಲ್ಬೋ ಎಂಬ ಹೆಸರಿದ್ದರೂ ಟೆನಿಸ್ ಬ್ಯಾಟ್ ಮುಟ್ಟದವರಿಗೇ ಹೆಚ್ಚು. ಬಿಗಿಯಾಗಿ ಹಿಡಿದಾಗ ಮಣಿಕಟ್ಟನ್ನು ನೆಟ್ಟಗಿಡಲು ಮುಂಗೈ ಹಿಂಬದಿಯ ಸ್ನಾಯುಗಳೂ ದುಡಿಯುತ್ತವೆ. ಅವು ಬಂದು ಸೇರುವ ಮೂಳೆ ಅಲ್ಲಿದೆ.

ಪ್ಯಾಡಲ್ ಪರೀಕ್ಷೆ, ನೀರಿಗಿಳಿಯುವ ಮೊದಲೇ

ಬಾಡಿಗೆ ಕೊಡುವಲ್ಲಿ ರಾಶಿಯಿಂದ ಮೊದಲು ಸಿಕ್ಕಿದ್ದನ್ನು ಎತ್ತಿಕೊಳ್ಳಬೇಡಿ. ಎರಡು ನಿಮಿಷ ಹಿಡಿದು ನೋಡಿ.

ತೂಕ. ಅಲ್ಯೂಮಿನಿಯಂ ಶಾಫ್ಟಿಗೆ ಪ್ಲಾಸ್ಟಿಕ್ ಬ್ಲೇಡ್ ಹಾಕಿದ ಪ್ಯಾಡಲ್ ಸಾಮಾನ್ಯವಾಗಿ ಒಂದು ಕಿಲೋಗಿಂತ ಹೆಚ್ಚಿರುತ್ತದೆ. ಕಾರ್ಬನ್ ಫೈಬರಿನದು ಮುಕ್ಕಾಲು ಕಿಲೋ ಆಸುಪಾಸು. ಆರಾಮವಾಗಿ ಹೋದರೂ ನಿಮಿಷಕ್ಕೆ ಐವತ್ತು ಹುಟ್ಟು ಬೀಳುತ್ತವೆ, ಗಂಟೆಗೆ 3000. ಆ ಕಾಲು ಕಿಲೋ ವ್ಯತ್ಯಾಸವನ್ನು ಅಷ್ಟು ಸಲ ಎತ್ತಬೇಕು. ವಾರಕ್ಕೊಮ್ಮೆ ಹೋಗುವವರು ದೋಣಿಗಿಂತ ಮೊದಲು ಪ್ಯಾಡಲ್ ಕೊಳ್ಳುವುದು ಜಾಣತನ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ದೋಣಿ ಎಲ್ಲಿ ಬೇಕಾದರೂ ಬಾಡಿಗೆಗೆ ಸಿಗುತ್ತದೆ, ಒಳ್ಳೆಯ ಪ್ಯಾಡಲ್ ಸಿಗುವುದಿಲ್ಲ.

ದಪ್ಪ. ಶಾಫ್ಟನ್ನು ಹಿಡಿದಾಗ ಹೆಬ್ಬೆರಳ ತುದಿ ತೋರುಬೆರಳಿನ ಮೊದಲ ಗೆಣ್ಣಿನ ಹತ್ತಿರ ಬಂದು ಮುಟ್ಟಬೇಕು. ಮುಟ್ಟದೆ ಅಂತರ ಉಳಿದರೆ ನಿಮ್ಮ ಕೈಗೆ ಅದು ದಪ್ಪ. ಹೆಂಗಸರಿಗೂ ಮಕ್ಕಳಿಗೂ ಈ ತೊಂದರೆ ಹೆಚ್ಚು. ಸಣ್ಣ ಕೈಗೆಂದೇ ತೆಳು ಶಾಫ್ಟ್ ತಯಾರಾಗುತ್ತದೆ, ವ್ಯತ್ಯಾಸ ಒಂದೆರಡು ಮಿಲಿಮೀಟರ್ ಅಷ್ಟೇ, ಆದರೂ ಗಂಟೆಯ ಕೊನೆಗೆ ಗೊತ್ತಾಗುತ್ತದೆ. ಹಿಡಿ ಜಾರುತ್ತದೆಂದು ಬ್ಯಾಡ್ಮಿಂಟನ್ ಬ್ಯಾಟಿನ ಗ್ರಿಪ್ ಸುತ್ತುವವರು ಇದನ್ನು ನೆನಪಿಡಬೇಕು. ಮೊದಲೇ ದಪ್ಪವಿರುವ ಶಾಫ್ಟಿಗೆ ಎರಡು ಸುತ್ತು ಹಾಕಿದರೆ ಜಾರುವುದು ನಿಲ್ಲುತ್ತದೆ, ಮುಂಗೈ ನೋವು ಶುರುವಾಗುತ್ತದೆ.

ಜಾರುವುದಕ್ಕೆ ಬೇರೆ ಕಾರಣವೂ ಇದೆ. ಹೊರಡುವ ಮುಂಚೆ ಬಳಿದುಕೊಂಡ ಸನ್‌ಸ್ಕ್ರೀನ್, ತೆಂಗಿನೆಣ್ಣೆ. ಅಂಗೈಯಲ್ಲಿ ಜಿಡ್ಡು ಇದ್ದರೆ ಕೈ ತನ್ನಿಂದ ತಾನೇ ಬಿಗಿಯುತ್ತದೆ. ದಡದ ಮರಳು ಹಿಡಿದು ಅಂಗೈಯನ್ನೂ ಶಾಫ್ಟನ್ನೂ ತಿಕ್ಕಿ ತೊಳೆಯಿರಿ. ಒಂದು ಪೈಸೆ ಖರ್ಚಿಲ್ಲದ ಈ ಉಪಾಯದಿಂದ ಎಷ್ಟೋ ಜನರ ನೋವು ಹೋಗಿದ್ದನ್ನು ನೋಡಿದ್ದೇನೆ.

ನಡುವಿನ ಜೋಡಣೆ. ಎರಡು ತುಂಡಿನ ಪ್ಯಾಡಲ್ಲಿನ ಕೀಲು ಸಡಿಲಾಗಿ ಲಟಲಟ ಅನ್ನುತ್ತಿದ್ದರೆ ಬೇರೆಯದು ಕೇಳಿ. ಬ್ಲೇಡ್ ನೀರಿನಲ್ಲಿ ಅಲುಗಿದಷ್ಟೂ ಕೈ ಅದನ್ನು ಹಿಡಿದು ನಿಲ್ಲಿಸಲು ಹೆಣಗುತ್ತದೆ. ಸ್ವಂತದ್ದಾದರೆ ಉಪ್ಪುನೀರಿನಿಂದ ಬಂದ ಮೇಲೆ ಬಿಚ್ಚಿ ಸಿಹಿನೀರಿನಲ್ಲಿ ತೊಳೆಯುವುದು ಕಡ್ಡಾಯ. ಮರಳು ಒಳಗುಳಿದರೆ ಕೀಲು ಸವೆಯುತ್ತದೆ, ಇಲ್ಲವೇ ಬಿಚ್ಚಲು ಬಾರದಂತೆ ಕಚ್ಚಿಕೊಳ್ಳುತ್ತದೆ.

ಉದ್ದ. ಬಾಡಿಗೆಯ ಅಗಲ ಪ್ಲಾಸ್ಟಿಕ್ ಕಯಾಕಿಗೆ 230ರಿಂದ 240 ಸೆಂಟಿಮೀಟರ್, ಸಪೂರ ದೋಣಿಗೆ 210ರಿಂದ 220. ಅಗಲ ದೋಣಿಯಲ್ಲಿ ಮೋಟು ಪ್ಯಾಡಲ್ ಇದ್ದರೆ ಬ್ಲೇಡ್ ನೀರು ಮುಟ್ಟಿಸಲು ಮಣಿಕಟ್ಟನ್ನು ಪಕ್ಕಕ್ಕೆ ಬಾಗಿಸಬೇಕಾಗುತ್ತದೆ, ಹೆಬ್ಬೆರಳ ಬದಿಯ ನೋವಿಗೆ ಅದೇ ದಾರಿ.

ಕೊನೆಗೆ, ಸರಿಯಾಗಿ ಹಿಡಿದಿದ್ದೀರಾ? ಬ್ಲೇಡಿನ ತಗ್ಗಾದ ಮುಖ ನಿಮ್ಮ ಕಡೆಗಿರಬೇಕು. ಬ್ಲೇಡಿನ ಒಂದು ಅಂಚು ಉದ್ದ, ಒಂದು ಗಿಡ್ಡವಿದ್ದರೆ ಉದ್ದದ ಅಂಚು ಮೇಲೆ. ತಲೆಕೆಳಗಾಗಿ ಹಿಡಿದರೆ ನೀರಿನಲ್ಲಿ ಬ್ಲೇಡ್ ತಿರುಚಿಕೊಳ್ಳುತ್ತದೆ, ಆ ತಿರುಚನ್ನು ತಡೆಯುವುದು ನಿಮ್ಮ ಬೆರಳುಗಳು. ಬಾಡಿಗೆ ದೋಣಿಗಳ ಗುಂಪು ಹೊರಟಾಗ ಗಮನಿಸಿ, ಉಲ್ಟಾ ಹಿಡಿದವರು ಖಂಡಿತ ಸಿಗುತ್ತಾರೆ. ಪ್ಯಾಡಲನ್ನು ತಲೆಯ ಮೇಲೆ ಅಡ್ಡ ಇಟ್ಟು, ಮೊಣಕೈಗಳು ಲಂಬಕೋನಕ್ಕೆ ಬರುವಲ್ಲಿ ಕೈಗಳನ್ನು ಇಡಿ. ಅದೇ ನಿಮ್ಮ ಹಿಡಿಯ ಜಾಗ. ನೀರಿನಲ್ಲಿ ಕೈಗಳು ಹತ್ತಿರ ಹತ್ತಿರ ಜಾರುತ್ತಲೇ ಇರುತ್ತವೆ, ಆಗಾಗ ಸರಿಪಡಿಸಿಕೊಳ್ಳಿ.

ಒಂದೇ ಮಣಿಕಟ್ಟು ನೋಯುತ್ತಿದ್ದರೆ: ಫೆದರ್

ಎರಡು ಬ್ಲೇಡುಗಳು ಒಂದೇ ಮಟ್ಟದಲ್ಲಿರದೆ ಒಂದಕ್ಕೊಂದು ಓರೆಯಾಗಿ ತಿರುಗಿರುವುದಕ್ಕೆ ಫೆದರ್ ಎನ್ನುತ್ತಾರೆ. ಎದುರುಗಾಳಿಗೆ ಮೇಲಿರುವ ಬ್ಲೇಡ್ ಅಡ್ಡಬರದೆ ಗಾಳಿಯನ್ನು ಸೀಳಲಿ ಎಂಬುದು ಇದರ ಹಿಂದಿನ ಲೆಕ್ಕ. ಹಿಂದೆಲ್ಲ 90 ಡಿಗ್ರಿಯವರೆಗೂ ಇಡುತ್ತಿದ್ದರು, ಈಗ 30–45 ಸಾಮಾನ್ಯ, ಶೂನ್ಯವೂ ರೂಢಿಯಲ್ಲಿದೆ. ಅಗ್ಗದ ಪ್ಯಾಡಲ್‌ಗಳ ಕೀಲಿನಲ್ಲಿ ಹೆಚ್ಚಾಗಿ ಮೂರೇ ತೂತು: ಶೂನ್ಯ, ಬಲಕ್ಕೆ 60, ಎಡಕ್ಕೆ 60. ಯಾರೋ 60ಕ್ಕೆ ಸಿಕ್ಕಿಸಿ ಇಟ್ಟುಹೋಗಿರುತ್ತಾರೆ, ನೀವು ನೋಡದೆ ಎತ್ತಿಕೊಂಡಿರುತ್ತೀರಿ.

ಆಗ ಏನಾಗುತ್ತದೆ? ಬಲಗೈ ನಿಯಂತ್ರಣದ ಪ್ಯಾಡಲ್, ಅಂದರೆ ಶಾಫ್ಟನ್ನು ತಿರುಗಿಸುವ ಕೆಲಸ ಬಲಗೈಯದು ಎಂದುಕೊಳ್ಳಿ. ಬಲಬದಿಯ ಹುಟ್ಟು ಸಲೀಸಾಗಿ ಬೀಳುತ್ತದೆ. ಎಡಬದಿಗೆ ಹೋಗುವ ಮೊದಲು ಎಡ ಬ್ಲೇಡ್ ನೀರಿಗೆ ಸರಿಯಾಗಿ ಇಳಿಯಲು ಶಾಫ್ಟನ್ನು ತಿರುಗಿಸಬೇಕು. ಗೊತ್ತಿಲ್ಲದವರು ಬಲ ಮಣಿಕಟ್ಟನ್ನು ಮೋಟರ್ ಸೈಕಲ್ ಆಕ್ಸಲರೇಟರ್ ತಿರುಗಿಸುವ ಹಾಗೆ ಹಿಂದಕ್ಕೆ ಮುರಿಯುತ್ತಾರೆ. ಗಂಟೆಗೆ ಸಾವಿರದ ಐನೂರು ಸಲ. ಜೊತೆಗೆ ಎಡಗೈ ಕೂಡ ಬಿಗಿಯಾಗಿ ಹಿಡಿದಿದ್ದರೆ ಶಾಫ್ಟ್ ಅದರೊಳಗೆ ತಿರುಗದೆ ಎರಡು ಕೈಗಳೂ ಒಂದಕ್ಕೊಂದು ಎದುರಾಗಿ ಗುದ್ದಾಡುತ್ತವೆ. ಬಲ ಮಣಿಕಟ್ಟಿನ ಹಿಂಬದಿ ನೋವು, ಎಡ ಅಂಗೈಯಲ್ಲಿ ಬೊಬ್ಬೆ ಎಂಬ ಜೋಡಿ ಕಂಡರೆ ಬೇರೆ ಪರೀಕ್ಷೆ ಬೇಡ, ಕೀಲು ನೋಡಿ.

ಪರಿಹಾರ ಸರಳ. ಕೀಲಿನ ಗುಂಡಿ ಒತ್ತಿ ಶೂನ್ಯಕ್ಕೆ ತನ್ನಿ. ಅರ್ಧ ಗಂಟೆ ಹೋಗಿ ನೋಡಿ. ನೋವು ತಗ್ಗಿದರೆ ದೋಷ ಸಿಕ್ಕಿತು. ವರ್ಷಗಟ್ಟಲೆ 60ರಲ್ಲೇ ಹುಟ್ಟು ಹಾಕಿ ರೂಢಿಯಾದವರಿಗೆ ಮಾತ್ರ ಒಮ್ಮೆಲೇ ಶೂನ್ಯ ಮುಜುಗರ ಕೊಡಬಹುದು, ಕೈ ಹಳೆಯ ಅಭ್ಯಾಸದಂತೆ ತಿರುಗುತ್ತಲೇ ಇರುತ್ತದೆ. ಕೀಲಿನಲ್ಲಿ ನಡುವಿನ ತೂತುಗಳಿದ್ದರೆ ಅವರು 45, 30 ಎಂದು ಇಳಿಸುತ್ತಾ ಬರಲಿ. ಕೋನ ಬೇಕೇ ಬೇಕು ಎನ್ನುವವರು ತಿರುವನ್ನು ಮಣಿಕಟ್ಟಿನಿಂದ ಅಲ್ಲ, ಮೊಣಕೈ ಎತ್ತುವುದರಿಂದ ತರುವುದನ್ನು ಕಲಿಯಬೇಕು. ಗೆಣ್ಣುಗಳ ಸಾಲು ಆ ಬದಿಯ ಬ್ಲೇಡಿನ ಮೇಲಂಚಿನ ನೇರಕ್ಕೆ ಇದೆಯೇ ಎಂಬುದೇ ಅಳತೆ. ಶಾಫ್ಟ್ ಬಾಗಿಸಿ ಮಾಡಿದ ದುಬಾರಿ ಪ್ಯಾಡಲ್‌ಗಳೂ ಇವೆ, ಮಣಿಕಟ್ಟನ್ನು ನೇರವಾಗಿಡಲು. ಕೆಲವರಿಗೆ ಒಗ್ಗುತ್ತದೆ. ಮೊದಲು ಗುಂಡಿ ಒತ್ತಿ ನೋಡಿ, ಆಮೇಲೆ ದುಡ್ಡು.

ಹಿಡಿತ ಬಿಗಿಯಾಗುವ ನಿಜವಾದ ಜಾಗ: ಸೀಟು, ಕಾಲು, ದೋಣಿ

ಬೀಳುತ್ತೇನೆ ಎನಿಸಿದಾಗ ಮನುಷ್ಯ ಕೈಗೆ ಸಿಕ್ಕಿದ್ದನ್ನು ಗಟ್ಟಿ ಹಿಡಿಯುತ್ತಾನೆ. ದೋಣಿಯಲ್ಲಿ ಕೈಗೆ ಸಿಕ್ಕಿರುವುದು ಪ್ಯಾಡಲ್. ಹಾಗಾಗಿ ದೋಣಿ ಅಲುಗಾಡದಂತೆ ಕುಳಿತರೆ ಅರ್ಧ ಹಿಡಿತ ತಾನಾಗಿ ಸಡಿಲುತ್ತದೆ.

ಕಾಲಿಗೆ ಆಧಾರ ಬೇಕು. ಬಾಡಿಗೆ ಕಯಾಕಿನಲ್ಲಿ ಪಾದ ಊರಲು ಮೆಟ್ಟಿಲಿನಂಥ ಗುರುತುಗಳಿರುತ್ತವೆ. ಮೊಣಕಾಲು ತುಸು ಮಡಚಿ, ಪಾದದ ಮುಂಭಾಗ ಅದಕ್ಕೆ ಒತ್ತುವಂತಿರಲಿ. ಬಲಕ್ಕೆ ಹುಟ್ಟು ಹಾಕುವಾಗ ಬಲಗಾಲು ಒತ್ತಿ, ಎಡಕ್ಕೆ ಎಡಗಾಲು. ಸೊಂಟದಿಂದ ಮೇಲಿನ ಮೈ ತಿರುಗುತ್ತದೆ, ಎಳೆಯುವ ಕೆಲಸ ಬೆನ್ನಿಗೆ ಹೋಗುತ್ತದೆ, ಕೈ ಬರೀ ಕೊಕ್ಕೆಯಾಗಿ ಉಳಿಯುತ್ತದೆ. ಬೆನ್ನು ಪಟ್ಟಿ ಸಡಿಲ ಬಿಟ್ಟು ಸೋಫಾದ ಮೇಲೆ ಒರಗಿದಂತೆ ಕುಳಿತವರಿಗೆ ಮೈ ತಿರುಗಿಸಲು ಆಗುವುದೇ ಇಲ್ಲ. ಪಟ್ಟಿ ಬಿಗಿ ಮಾಡಿ ನೆಟ್ಟಗೆ ಕುಳಿತುಕೊಳ್ಳಿ.

ಬ್ಲೇಡ್ ಪಾದದ ಹತ್ತಿರ ನೀರಿಗೆ ಇಳಿಯಲಿ, ಸೊಂಟದ ನೇರಕ್ಕೆ ಬರುತ್ತಲೇ ಹೊರಬರಲಿ. ಹಿಂದೆ ನೀರು ಚಿಮ್ಮುತ್ತಿದ್ದರೆ ನೀವು ತಡವಾಗಿ ಎತ್ತುತ್ತಿದ್ದೀರಿ. ಆ ಕೊನೆಯ ಒಂದು ಅಡಿಯಲ್ಲಿ ದೋಣಿ ಮುಂದೆ ಹೋಗುವುದಿಲ್ಲ, ಮಣಿಕಟ್ಟು ಮಾತ್ರ ನೀರನ್ನು ಮೇಲೆತ್ತುತ್ತದೆ.

ಮೇಲಿನ ಕೈಯ ಬೆರಳುಗಳಿಗೆ ಕೆಲಸವೇ ಇಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿನಿಂದ ಶಾಫ್ಟನ್ನು ಮುಂದೆ ತಳ್ಳಿದರೆ ಸಾಕು, ಉಳಿದ ಬೆರಳು ತೆರೆದೇ ಇರಲಿ. ಪರೀಕ್ಷೆ: ಹತ್ತು ಹುಟ್ಟಿಗೊಮ್ಮೆ ಮೇಲಿನ ಕೈಯ ಬೆರಳುಗಳನ್ನು ಪೂರ್ತಿ ಬಿಡಿಸಿ. ಬಿಡಿಸಲು ಭಯವಾದರೆ ನಿಮ್ಮ ದೋಷ ಹಿಡಿತದ್ದಲ್ಲ, ಸಮತೋಲದ್ದು. ಕಲಿಸುವ ಹುಡುಗರು ಬಾಯಿ ನೋಯುವಷ್ಟು ಹೇಳುವುದು ಇದನ್ನೇ: “ಕೈ ಸ್ವಲ್ಪ ಲೂಸ್ ಬಿಡಿ ಮಾರಾಯ್ರೆ, ಪ್ಯಾಡಲ್ ಎಲ್ಲಿಗೂ ಓಡಿ ಹೋಗುದಿಲ್ಲ.”

ದೋಣಿಯನ್ನೂ ಅನುಮಾನಿಸಿ. ಹಿಂಬದಿಯ ಬಿರಡೆ ಸರಿಯಾಗಿ ಹಾಕದೆ ಒಳಗೆ ನೀರು ಸೇರಿದರೆ ಕಯಾಕ್ ಭಾರವಾಗುತ್ತದೆ, ಒಳಗಿನ ನೀರು ಅತ್ತಿತ್ತ ತುಳುಕಿದಂತೆ ದೋಣಿಯೂ ತೂಗುತ್ತದೆ. ದಡದಲ್ಲಿ ಒಂದು ತುದಿ ಎತ್ತಿ ಕುಲುಕಿ ನೋಡಿದರೆ ಸದ್ದು ಕೇಳುತ್ತದೆ. ಗಾಳಿ ತುಂಬುವ ಕಯಾಕಿನಲ್ಲಿ ಅಡಿಯ ರೆಕ್ಕೆ ಹಾಕಲು ಮರೆತರೆ ಮೂತಿ ನೇರ ನಿಲ್ಲುವುದಿಲ್ಲ, ಒಂದೇ ಬದಿಗೆ ಮತ್ತೆ ಮತ್ತೆ ಹುಟ್ಟು ಹಾಕಿ ಒಂದೇ ಕೈ ಸೋಲುತ್ತದೆ.

ಗಾಳಿ, ಉಬ್ಬರ ಇಳಿತ

ಕರಾವಳಿಯಲ್ಲಿ ಬೆಳಿಗ್ಗೆ ಶಾಂತವಾಗಿರುವ ನೀರಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏಳುತ್ತದೆ. ಬೆಳಿಗ್ಗೆ ಅಳಿವೆಯಿಂದ ಮೇಲಕ್ಕೆ ಉಬ್ಬರದ ಜೊತೆ ಹಾಯಾಗಿ ಹೋದವರು, ಮಧ್ಯಾಹ್ನ ಪಶ್ಚಿಮಕ್ಕೆ ಮುಖ ಮಾಡಿ ಮರಳುವಾಗ ಗಾಳಿ ಎದುರು. ಆಗ ಇಳಿತ ಇನ್ನೂ ಶುರುವಾಗದಿದ್ದರೆ ನೀರೂ ಎದುರು. ಕೈ ನೋವಿನ ಬಹುಪಾಲು ದೂರುಗಳು ಹುಟ್ಟುವುದು ಈ ಮರಳುವ ದಾರಿಯಲ್ಲಿ. ಅವತ್ತಿನ ಉಬ್ಬರ ಇಳಿತದ ಹೊತ್ತು ನೋಡಿ, ಮರಳುವಾಗ ಇಳಿತ ಸಿಗುವಂತೆ ಹೊರಡಿ. ಅಳಿವೆ ಬಾಯಿಗೆ ತೀರಾ ಹತ್ತಿರ ಇಳಿಯುವ ಜಾಗ ಇದ್ದರೆ ಮಾತ್ರ ಜೋರು ಇಳಿತ ಅಪಾಯ, ಸ್ಥಳೀಯರನ್ನು ಕೇಳಿ. ಕಾಳಿಯಲ್ಲಾದರೆ ಉಬ್ಬರದ ಬದಲು ಅಣೆಕಟ್ಟಿನಿಂದ ಬಿಡುವ ನೀರಿನ ಲೆಕ್ಕ.

ಎದುರುಗಾಳಿಯಲ್ಲಿ ಜೋರು ಹಾಕಬೇಡಿ. ಹುಟ್ಟು ಚಿಕ್ಕದಾಗಲಿ, ಬೇಗ ಬೇಗ ಬೀಳಲಿ, ದಡದ ಮರೆ ಹಿಡಿದು ಸಾಗಿ. ಅರ್ಧ ದಾರಿಯಲ್ಲಿ ನೋವು ಬಂದರೆ ಕೈಯನ್ನು ನೀರಿನಲ್ಲಿ ಅದ್ದಿ ಒದರಿ, ಹಿಡಿಯ ಜಾಗ ಎರಡು ಬೆರಳು ಅತ್ತಿತ್ತ ಬದಲಿಸಿ. ನಿಲ್ಲಬೇಕೆಂದರೆ ಕಾಂಡ್ಲದ (ಮ್ಯಾಂಗ್ರೋವ್ ಗಿಡದ) ಬೇರನ್ನು ಬರಿಗೈಯಲ್ಲಿ ಹಿಡಿಯಬೇಡಿ. ಅದಕ್ಕೆ ಅಂಟಿಕೊಂಡ ಸಿಂಪಿಯ ಚಿಪ್ಪು ಕ್ಷೌರದ ಬ್ಲೇಡಿನಷ್ಟೇ ಹರಿತ. ನೋವು ನಿವಾರಕ ಮಾತ್ರೆ ನುಂಗಿ ಮುಂದುವರಿಯುವುದಂತೂ ಬೇಡವೇ ಬೇಡ, ಎಲ್ಲಿ ನಿಲ್ಲಬೇಕೆಂಬುದೇ ಗೊತ್ತಾಗದೆ ಹೋಗುತ್ತದೆ.

ಬೊಬ್ಬೆ

ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಮೊದಲ ಸಲ ಇಳಿದವರಿಗೆ ಬರುವುದು ಸಹಜ, ನಾಲ್ಕು ಸಲ ಹೋದರೆ ಕೈ ಜಡ್ಡುಗಟ್ಟುತ್ತದೆ. ಆಮೇಲೂ ಬರುತ್ತಿದ್ದರೆ ಶಾಫ್ಟ್ ಕೈಯೊಳಗೆ ಉಜ್ಜುತ್ತಿದೆ ಎಂದರ್ಥ, ಫೆದರ್ ನೋಡಿ. ತೆಳುವಾದ ಅರೆಬೆರಳಿನ ಗ್ಲೌಸ್ ಆಗಬಹುದು, ದಪ್ಪದ್ದು ಹಿಡಿತವನ್ನು ಇನ್ನೂ ಬಿಗಿ ಮಾಡಿಸುತ್ತದೆ. ಒಡೆದ ಬೊಬ್ಬೆಯನ್ನು ಹಿನ್ನೀರಿನಿಂದ ಬಂದ ಕೂಡಲೇ ಸೋಪು ಹಾಕಿ ಸಿಹಿನೀರಿನಲ್ಲಿ ತೊಳೆಯಿರಿ. ಗಾಯದ ಸುತ್ತ ಕೆಂಪು ಹರಡಿ, ಊದಿ, ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆ ಇದ್ದವರು ಗಂಟೆಗಟ್ಟಲೆ ಕಾಯಲೂಬಾರದು, ಉಪ್ಪುನೀರಿನ ಕೆಲವು ಬ್ಯಾಕ್ಟೀರಿಯಾಗಳು ಬಹಳ ಬೇಗ ಹರಡುತ್ತವೆ.

ಎಸ್‌ಯುಪಿ

ಇಲ್ಲಿ ದೂರು ಬೇರೆ: ಮೇಲಿನ ಕೈಯ ಅಂಗೈ ನಡುವೆ ನೋವು, ಕಿರುಬೆರಳಿಗೆ ಜೋಮು. ತುದಿಯ ಹಿಡಿಯ ಮೇಲೆ ಮೈಭಾರವೆಲ್ಲ ಹಾಕುವುದೇ ಕಾರಣ. ಪ್ಯಾಡಲ್ ತೀರಾ ಉದ್ದವಿದ್ದರೂ ಹೀಗಾಗುತ್ತದೆ. ನಿಮ್ಮ ಎತ್ತರಕ್ಕಿಂತ ಒಂದು ಗೇಣಿನಷ್ಟು ಹೆಚ್ಚಿದ್ದರೆ ಸಾಕು. ಆಗಾಗ ಬದಿ ಬದಲಿಸಿ.

ಮನೆಯಲ್ಲಿ, ವೈದ್ಯರಲ್ಲಿ

ಅದೇ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ಹದಿನೈದು ನಿಮಿಷ ಇಡಬಹುದು. ನೋವು ತಗ್ಗಿದ ಮೇಲೆ ವ್ಯಾಯಾಮ. ಚೆಂಡು ಹಿಸುಕುವುದರ ಬದಲು ಬೆರಳುಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿ ಹೊರಕ್ಕೆ ಬಿಡಿಸಿ, ಹುಟ್ಟು ಹಾಕುವವರಲ್ಲಿ ಸೊರಗುವುದು ಬೆರಳು ತೆರೆಯುವ ಸ್ನಾಯುಗಳೇ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಕೆಳಗಿಳಿಸಿ, ಇನ್ನೊಂದು ಕೈಯಿಂದ ಮೇಲಕ್ಕೆತ್ತಿಕೊಳ್ಳಿ. ಹದಿನೈದು ಸಲ, ಮೂರು ಸುತ್ತು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡೇ ನೀರಿಗೆ ಇಳಿಯುವವರಿದ್ದಾರೆ. ದೋಷ ಹಾಗೇ ಉಳಿದು ನೋವು ಮೊಣಕೈಗೆ ಹೋಗುತ್ತದೆ, ಅಷ್ಟೇ.

ಜೋಮು ಎರಡು ಮೂರು ದಿನವಾದರೂ ಹೋಗದಿದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಕೈಯಿಂದ ಲೋಟ ಜಾರಿ ಬೀಳುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದಂತೆ ಕಂಡರೆ ಮೂಳೆ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕಾಣಿ. ಹೋಗುವಾಗ ಯಾವ ಬೆರಳು, ಯಾವ ಹೊತ್ತು ಎಂದು ಬರೆದುಕೊಂಡು ಹೋಗಿ. ಬರೀ ‘ಕೈ ನೋವು’ ಎಂದರೆ ಅವರೂ ಮೊದಲಿನಿಂದ ಹುಡುಕಬೇಕಾಗುತ್ತದೆ.

ಮರಳಿ ಶುರುಮಾಡುವಾಗ ಮೊದಲ ದಿನ ಅರ್ಧ ಗಂಟೆ ಸಾಕು. ಫೆದರ್ ಶೂನ್ಯ, ಗಾಳಿ ಏಳುವ ಮುಂಚೆ, ಹಗುರವಾದ ಪ್ಯಾಡಲ್. ಮರುದಿನ ಬೆಳಿಗ್ಗೆ ಮುಷ್ಟಿ ಕಟ್ಟಿ ಬಿಡಿಸಿದಾಗ ನೋವಿಲ್ಲದಿದ್ದರೆ ಮುಂದಿನ ಸಲ ಹತ್ತು ನಿಮಿಷ ಹೆಚ್ಚಿಸಿ. ಇದ್ದರೆ ಇನ್ನೊಂದು ವಾರ ಬಿಟ್ಟು ಮತ್ತೆ ಅರ್ಧ ಗಂಟೆಯಿಂದಲೇ.